ಅನುಪಮಾ ಮೇಡಂ ಮನೆಯ ಚೈನೀಸ್ ಬನ್

ಅನುಪಮಾ ಮೇಡಂಗೆ ಕೈಯಲ್ಲಿ ಹದವಿರಲಿಲ್ಲ. ಬೇರೆಲ್ಲ ಇತ್ತು. ಜಯಲಕ್ಷ್ಮಿಪುರಂನಲ್ಲಿ ಎರಡಂತಸ್ತಿನ ಮನೆ, ಕೇಳಿದ್ದನ್ನು ಬಾಗಿಲಿಗೆ ತರಿಸುವ ಫೋನು, ಹಿಟ್ಟು ತೂಗುವ ಪುಟ್ಟ ತಕ್ಕಡಿ, ಜೊತೆಗೆ ಹನ್ನೊಂದು ವರ್ಷದಿಂದ ಅಡುಗೆ ತಾನು ಮಾಡಿ ಹೊಗಳಿಕೆಯನ್ನು ಅವರಿಗೆ ಬಿಟ್ಟುಕೊಡುತ್ತಿದ್ದ ನನ್ನ ಅವ್ವ ದೇವಿರಮ್ಮ.

ಏಪ್ರಿಲ್‌ನ ಒಂದು ಭಾನುವಾರ ಅವ್ವ ನನ್ನನ್ನೂ ಕರೆದುಕೊಂಡು ಹೋದಳು. ಸಂಜೆ ಮೇಡಂ ಅವರ ಗೆಳತಿ ಸೌಮ್ಯ ಬರುವವರಿದ್ದರು. ಅವರು ಕೆಲಸಕ್ಕೆ ಹೋಗುವ ಹುಡುಗಿಯರ ಹಾಸ್ಟೆಲ್ ನಡೆಸುತ್ತಿದ್ದರು. ಅಲ್ಲಿಗೆ ಅಡುಗೆಯವರು ಬೇಕಾಗಿತ್ತು, ಅಡುಗೆಯವರಿಗೆ ಹಿತ್ತಲಲ್ಲಿ ಒಂದು ಕೋಣೆ ಇತ್ತು. ನಾವಿಬ್ಬರು ಉದಯಗಿರಿಯಲ್ಲಿ ಚಿಕ್ಕಪ್ಪ ಮಹದೇವು ಮನೆಯ ಹಜಾರದಲ್ಲಿ, ಅವನು ಟಿವಿ ಆರಿಸಿದ ಮೇಲೆ ಚಾಪೆ ಹಾಸಿಕೊಳ್ಳುವವರು. ಹಾಸ್ಟೆಲಿನ ಆ ಕೋಣೆಗೆ ಒಳಗಿನಿಂದ ಚಿಲಕ ಇದೆಯೆಂದು ಅವ್ವ ಯಾರನ್ನೋ ಕೇಳಿ ತಿಳಿದುಕೊಂಡಿದ್ದಳು. ತಿಂಡಿ ಚೆನ್ನಾಗಿ ಆಗಲಿ, ಸೌಮ್ಯನ ಹತ್ತಿರ ನಾನೇ ಮಾತಾಡುತ್ತೇನೆ ಎಂದು ಮೇಡಂ ಹೇಳಿದ್ದರು. ನಲವತ್ತು ಜನಕ್ಕೆ ಅನ್ನ ಬೇಯಿಸುವ ಕೆಲಸಕ್ಕೆ ಪರೀಕ್ಷೆ ಚೈನಾದ ತಿಂಡಿ!

“ಇಡ್ಲಿ ದೋಸೆ ಎಲ್ಲರ ಮನೇಲೂ ಇರತ್ತೆ. ಇವತ್ತು ಬಾವೊ ಮಾಡೋಣ. ಚೈನೀಸ್ ಬನ್ನು,” ಎಂದರು ಮೇಡಂ.

“ಕಡುಬು ಅನ್ನಿ,” ಎಂದಳು ಅವ್ವ.

“ಕಡುಬಲ್ಲ ದೇವಿರಮ್ಮ, ಬಾವೊ.”

“ಒಟ್ಟೆ ಒಳಗೆ ಪಲ್ಯ ತಾನೆ? ಅಬೇಲಿ ತಾನೆ ಬೇಯೋದು?”

“ಅಯ್ಯೋ, ನಿಮಗೆ ವಿವರಿಸೋಷ್ಟ್ರಲ್ಲಿ ನಾನು ಚೈನಾಕ್ಕೆ ಹೋಗಿ ಬಂದುಬಿಡಬಹುದು.”

ತಮ್ಮ ಜೋಕಿಗೆ ತಾವೇ ನಕ್ಕರು. ಅವ್ವನೂ ನಕ್ಕಳು. ಆ ಮನೆಯಲ್ಲಿ ನಗುವುದೂ ಅವಳ ಕೆಲಸಗಳಲ್ಲಿ ಒಂದು.

ಇದಕ್ಕೆಂದೇ ಬಿದಿರಿನ ಬುಟ್ಟಿ ತರಿಸಿದ್ದರು. ಅದು ಮನೆಯ ಯಾವ ಪಾತ್ರೆಯ ಬಾಯಿಗೂ ಕೂರಲಿಲ್ಲ. ಅದಕ್ಕೆ ಈರುಳ್ಳಿ ತುಂಬಿ ಮೂಲೆಗಿಟ್ಟು, ಅಟ್ಟದಿಂದ ದೊಡ್ಡ ಇಡ್ಲಿ ಪಾತ್ರೆ ಇಳಿಸಿದೆವು. ಮೈದಾ, ಸಕ್ಕರೆ, ಯೀಸ್ಟ್, ಬೆಚ್ಚಗಿನ ಹಾಲು. ಅವ್ವ ಇಪ್ಪತ್ತು ನಿಮಿಷ ನಾದಿದಳು. ಕೊನೆಯ ಅರ್ಧ ನಿಮಿಷ ಮೇಡಂ ಬಳೆ ಹಿಂದೆ ಸರಿಸಿ ಕೈ ಹಾಕಿದರು. ಆ ಅರ್ಧ ನಿಮಿಷವನ್ನು ಅವರ ಫೋನಿನಲ್ಲಿ ವಿಡಿಯೊ ಮಾಡುವುದು ನನ್ನ ಕೆಲಸವಾಗಿತ್ತು.

ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ, ಫೋನಿನಲ್ಲಿ ನೋಡಿದ್ದ ಬಾವೊ ವಿಡಿಯೊದಲ್ಲಿ ಹೇಳಿದಂತೆ ಮೇಡಂ ಒಂದೂವರೆ ಗಂಟೆಗೆ ಅಲಾರಂ ಇಟ್ಟರು. ನಲವತ್ತು ನಿಮಿಷಕ್ಕೇ ಹಿಟ್ಟು ಬಟ್ಟೆಯನ್ನು ಮೇಲೆತ್ತಿತ್ತು. ಅವ್ವ ಬೆರಳಿಟ್ಟು ಒತ್ತಿ ನೋಡಿದಳು.

“ಅಮ್ಮಾವ್ರೇ, ಆಗೋಯ್ತು. ಇನ್ನ ಬುಟ್ರೆ ಉಳಿ ಬತ್ತದೆ.”

“ಒಂದೂವರೆ ಗಂಟೆ ಅಂತ ಇದೆ ಕಣ್ರೀ.”

“ಅವ್ರೂರಲ್ಲಿ ಚಳಿ ಇರ್ಬೋದು. ಇಲ್ಲಿ ಬಿಸ್ಲು ಎಂಗೈತೆ ನೋಡಿ.”

“ಹತ್ತು ಲಕ್ಷ ಜನ ನೋಡಿದಾರೆ ಆ ವಿಡಿಯೊನ. ಅವರೆಲ್ಲ ದಡ್ಡರಾ?”

ಅವ್ವ ಬಟ್ಟೆಯನ್ನು ಮತ್ತೆ ಮುಚ್ಚಿದಳು. ಆ ಹತ್ತು ಲಕ್ಷ ಜನರಲ್ಲಿ ಒಬ್ಬರೂ ಈ ಹಿಟ್ಟನ್ನು ಮುಟ್ಟಿರಲಿಲ್ಲ.

ಅಲಾರಂ ಹೊಡೆದಾಗ ಹಿಟ್ಟು ನಡುವೆ ಕುಸಿದು ಹೆಂಡದ ವಾಸನೆ ಬರುತ್ತಿತ್ತು. ಮೇಡಂ ಮೂಗು ಮುಚ್ಚಿಕೊಂಡು ಮತ್ತೆ ಫೋನು ಕೆದಕಿ, ಹುಳಿ ಮುರಿಯಲು ಎರಡು ಚಮಚ ಅಡುಗೆ ಸೋಡಾ ಸುರಿದರು. ಅವ್ವ ತಡೆಯಲು ಎತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವಳ ಈ ಕೈ ಒರೆಸಿಕೊಳ್ಳುವಿಕೆ ಕಂಡರೆ ನನಗೆ ಮೈ ಉರಿಯುತ್ತದೆ.

ಎಲೆಕೋಸಿನ ಪಲ್ಯ ತುಂಬಿ ಹದಿನೆಂಟು ಉಂಡೆ ಕಟ್ಟಿ ಹಬೆಗೆ ಇಟ್ಟೆವು. ಮೇಡಂ ಸೀರೆ ಬದಲಿಸಲು ಹೋದರು. ಒಲೆ ಆರಿಸಿ ಐದು ನಿಮಿಷ ಆಗುವ ತನಕ ಮುಚ್ಚಳ ತೆಗೆಯಬಾರದು ಎಂದು ವಿಡಿಯೊದಲ್ಲಿತ್ತು. ಅದನ್ನು ನಾನು ಅವ್ವನಿಗೆ ಎರಡು ಸಲ ಹೇಳಿದೆ.

“ಬೆಂದೈತಾ ಅಂತ ನೋಡ್ಬೇಡ್ವೇನೆ?” ಎಂದವಳೇ ಬೆರಳು ನೀರಿಗೆ ಅದ್ದಿ, ಮುಚ್ಚಳ ತೆಗೆದು, ಇಡ್ಲಿಗೆ ಚುಚ್ಚುವಂತೆ ಚುಚ್ಚಿದಳು. ನಾಲ್ಕು ನಿಮಿಷ ಬಿಟ್ಟು ಮತ್ತೆ ಚುಚ್ಚಿದಳು. ಹಿಟ್ಟಿನ ವಿಷಯದಲ್ಲಿ ಸರಿ ಹೇಳಿದವಳು ಮುಚ್ಚಳದ ವಿಷಯದಲ್ಲಿ ಮೂರ್ಖಳಾದಳು. ಮೊದಲ ಸಲ ಉಬ್ಬಿ ಕೂತಿದ್ದವು ಎರಡನೇ ಸಲಕ್ಕೆ ಕುಸಿದಿದ್ದವು. ಕೊನೆಗೆ ತಟ್ಟೆಗೆ ಬಂದದ್ದು ಹಳದಿ ಚುಕ್ಕೆ ಬಿದ್ದ, ಒದ್ದೆ ಕಾಲುಚೀಲ ಮುದುಡಿಟ್ಟಂಥ ಮುದ್ದೆಗಳು.

ಸೌಮ್ಯ ಮೇಡಂ ಒಂದನ್ನು ಕಚ್ಚಿದರು, ಅಗಿದರು, ನೀರು ಕುಡಿದರು.

“ದೇವಿರಮ್ಮನ ಕೈಗೆ ಕೊಟ್ಟಿದ್ದೇ ತಪ್ಪಾಯ್ತು ನೋಡು,” ಎಂದರು ಅನುಪಮಾ ಮೇಡಂ. ಚೆನ್ನಾಗಿ ಬಂದಿದ್ದರೆ ಯಾರ ಕೈ ಎನ್ನುವುದಕ್ಕೆ ನನ್ನ ವಿಡಿಯೊ ಇತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ, “ಔದು ಕಣಮ್ಮ, ನಂದೇ ತಪ್ಪು. ಸೋಡಾ ಜಾಸ್ತಿ ಆಕ್ಬುಟ್ಟೆ,” ಎಂದಳು. ಸೋಡಾ ಡಬ್ಬಿಯನ್ನು ಅವಳು ಮುಟ್ಟಿಯೂ ಇರಲಿಲ್ಲ.

ಸೌಮ್ಯ ಮೇಡಂ ನಕ್ಕರು. “ಹೋಗ್ಲಿ ಬಿಡಿ. ನಮ್ಮ ಹುಡುಗೀರು ಇದನ್ನೆಲ್ಲ ಕೇಳಲ್ಲ. ನಲವತ್ತು ಜನಕ್ಕೆ ಅನ್ನ, ಸಾರು, ಚಪಾತಿ ಮಾಡ್ತೀರಾ?”

“ಮದ್ವೆ ಮನೆಗೇ ಮಾಡಿವ್ನಿ ಕಣಮ್ಮ.”

“ತಪ್ಪು ಒಪ್ಕೊಳ್ಳೋ ಅಡುಗೆಯವರು ಎಲ್ಲಿ ಸಿಗ್ತಾರೆ ಈಗ? ನಾಳೆನೇ ಬನ್ನಿ. ಕೋಣೆ ಗುಡಿಸಿಟ್ಟಿರ್ತೀನಿ.”

ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಅನುಪಮಾ ಮೇಡಂ ನಿಲ್ಲಿಸಲಿಲ್ಲ.

“ಎಷ್ಟು ಹೇಳಿಕೊಟ್ಟೆ ಗೊತ್ತಾ ಸೌಮ್ಯ? ಈ ಜನಕ್ಕೆ ಹೊಸದೇನೂ ತಲೆಗೇ ಹೋಗಲ್ಲ.”

ನಾನು ಅಡುಗೆಮನೆಯಿಂದ ಹೊರಗೆ ಬಂದೆ. “ಸೋಡಾ ಹಾಕಿದ್ದು ನೀವು ಮೇಡಂ. ಹಿಟ್ಟು ಹದ ಮೀರುತ್ತೆ ಅಂತ ಅವ್ವ ಹೇಳಿದ್ಲು. ಕೇಳದೆ ಇದ್ದಿದ್ದೂ ನೀವೇ.”

“ಬಾಯ್ ಮುಚ್ಚೇ ಸಿಂಚನ!” ಎಂದಳು ಅವ್ವ.

ಮುಚ್ಚಳದ ಮಾತನ್ನು ನಾನು ಎತ್ತಲಿಲ್ಲ. ನನ್ನ ಪ್ರಾಮಾಣಿಕತೆಯೂ ಅಷ್ಟೇ.

ಸೌಮ್ಯ ಮೇಡಂ ಗೆಳತಿಯ ಕಡೆ ನೋಡಲೇ ಇಲ್ಲ. ಅವ್ವನ ಕಡೆ ನೋಡಿದರು. “ಹಾಗಾದ್ರೆ ಈಗ ನನ್ನ ಮುಂದೆ ಹೇಳಿದ್ದು ಸುಳ್ಳಾ?”

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು.

“ನಮ್ಮಲ್ಲಿ ಉಗ್ರಾಣದ ಬೀಗದಕೈ ಅಡುಗೆಯವರ ಹತ್ರನೇ ಇರತ್ತೆ. ಸುಳ್ಳು ಹೇಳೋರು ನನಗೆ ಬೇಡ ಕಣಮ್ಮ.” ಗೆಳತಿ ಹೇಳಿದ ಸುಳ್ಳು ಅವರಿಗೆ ಸುಳ್ಳಾಗಿ ಕಾಣಲಿಲ್ಲ. ಅದು ಒಳ್ಳೆಯ ಸೀರೆ ಉಟ್ಟಿತ್ತು.

ಅವರು ಹೋದ ಮೇಲೆ ಅನುಪಮಾ ಮೇಡಂ ಅವ್ವನಿಗೆ ಪಾತ್ರೆ ತೊಳೆಯಲು ಹೇಳಿದರು. ಎಲ್ಲ ತೊಳೆದು, ಒಲೆ ಕಟ್ಟೆ ಒರೆಸಿಯಾದ ಮೇಲೆ, ನಾಳೆಯಿಂದ ಬರಬೇಡಿ ಎಂದರು. ತೊಳೆಸಿದ ಮೇಲೆ ಹೇಳಿದರು, ಮೊದಲು ಹೇಳಲಿಲ್ಲ.

ಬಸ್ ಸ್ಟಾಪಿನಲ್ಲಿ ಅವ್ವ ನನ್ನ ಮುಖ ನೋಡದೆ ಕೇಳಿದಳು, “ನಿಂಗ್ಯಾಕೆ ಬೇಕಾಗಿತ್ತು?”

“ನಿಜ ಹೇಳ್ದೆ.”

“ಅದನ್ನ ಆಸ್ಕೊಂಡು ಮಲಿಕ್ಕೋ.”

ಆ ಭಾನುವಾರ ಹೋದದ್ದು ಹದಿನೆಂಟು ಬನ್, ಎರಡು ಕೆಲಸ, ಒಂದು ಕೋಣೆ.