ಮೂಗು ಮುಟ್ಟಿದ ಬೆರಳು

ಯಹೂದಿ ಪ್ರಾರ್ಥನಾಮಂದಿರದಲ್ಲಿ ಹೆಂಗಸರ ಕಡೆಗೆ ಕಟ್ಟಿದ ಪರದೆಯ ಸಂದಿನಲ್ಲಿ ಕಾಣುವುದು ಒಂದು ಹಳದಿ ಹೆಲ್ಮೆಟ್, ಸೈಕಲ್ಲಿನವನದು, ಮಳೆನೀರು ತೊಟ್ಟಿಕ್ಕುತ್ತಿದೆ, ಇಲ್ಲಿ ಗಂಡಸರ ತಲೆ ಮುಚ್ಚಿದ್ದರಾಯಿತಲ್ಲ — ಹತ್ತು ಯಹೂದಿ ಗಂಡಸರು ಸೇರದೆ ಕದ್ದಿಶ್ ಇಲ್ಲ, ಸತ್ತವರಿಗಾಗಿ ಹೇಳುವ ಆ ಪ್ರಾರ್ಥನೆ ಇಲ್ಲ, ಒಬ್ಬ ಕಡಿಮೆ ಬಿದ್ದ, ಪೆರೆತ್ಸ್ ಟ್ರಾಮ್ ಸ್ಟಾಪಿಗೆ ಓಡಿ, ಯಹೂದಿಯೇನೋ ಅಂತ ಕೇಳಿ, ಇವನ ತೋಳು ಹಿಡಿದು ಎಳೆತಂದ, ಯಾರೋ ನಕ್ಕರು, ದೇವರು ಮೇಲಿಂದ ಏನಾದ್ರೂ ಎಸೆದ್ರೆ ಅಂತ ಹೆಲ್ಮೆಟ್ ಹಾಕ್ಕೊಂಡೇ ಬಂದಿದಾನೆ ಕಣೋ, ಬಲಗಡೆಯಿಂದ ಓದುವ ಪ್ರಾರ್ಥನೆ ಪುಸ್ತಕವನ್ನು ಎಡಗಡೆಯಿಂದ ತೆರೆದು ಕೂತಿದ್ದಾನೆ, ಮೊದಲನೆಯ ಪುಟ ಯಾವ ಕಡೆ ಅಂತಲೂ ಗೊತ್ತಿಲ್ಲ, ಅವನು ಲೆಕ್ಕಕ್ಕೆ ಬಂದ, ಇಡೀ ಪುಸ್ತಕ ಬಾಯಿಪಾಠ ಬರುವ ನಾನು ಲೆಕ್ಕಕ್ಕೆ ಬರಲಿಲ್ಲ, ಅಪ್ಪ ಸತ್ತಂದಿನಿಂದ ಆಂಟ್ವರ್ಪಿನ ಈ ಚಳಿಯಲ್ಲಿ ದಿನಾ ಬೆಳಿಗ್ಗೆ ಬರುವ ನಾನು — ಪೆರೆತ್ಸ್ ಅಂದ, ನೋಡಮ್ಮ ಫ್ರೂಮೆಟ್, ನಿಮ್ಮಪ್ಪ ನನ್ನ ಗೆಳೆಯ, ಅವನ ಕದ್ದಿಶ್ ನಾನೇ ಹೇಳ್ತೀನಿ, ನೀನು ಮನಸ್ಸಲ್ಲೇ ಹೇಳ್ಕೋ, ಹೆಂಗಸಿನ ದನಿ ಯಾಕೆ ಹೇಳು. ಆಯ್ತು ಮಾಮ ಅಂದೆ, ಛೀ, ಅಂದೆನಲ್ಲ, ಅಪ್ಪನಿಗೆ ಮಗನಿಲ್ಲ, ಕೊನೆಗಾಲದಲ್ಲಿ ಬಾಯಿಗೆ ಸೂಪು ಹಿಡಿದವಳು ನಾನು, ಆಗ ಯಾರೂ ಗಂಡಸೇ ಬೇಕು ಅನ್ನಲಿಲ್ಲ, ಪೆರೆತ್ಸ್‌ನ ಬೆರಳು ಎಣಿಸುತ್ತಿದೆ, ಒಂದಲ್ಲ, ಎರಡಲ್ಲ, ಮನುಷ್ಯರನ್ನು ನೇರ ಎಣಿಸಬಾರದು, ಕೆಟ್ಟದ್ದಾಗುತ್ತದೆ, ಅದಕ್ಕೇ ಈ ಅಲ್ಲ ಅಲ್ಲ — ನನಗಿದನ್ನು ಕಲಿಸಿದ್ದು ಅಪ್ಪನೇ, ಆಗ ಎಣಿಸುತ್ತಿದ್ದವನು ಅವನು, ಕಾಲು ನೆಲಕ್ಕೆ ಎಟುಕದ ನಾನು ಗಂಡಸರ ಕಡೆ ಅವನ ಬೆಂಚಿನಲ್ಲಿ, ಎಂಟಲ್ಲ, ಒಂಬತ್ತಲ್ಲ, ಬೆರಳು ಬಂದು ನನ್ನ ಮೂಗು ಮುಟ್ಟುತ್ತಿತ್ತು, ನೀನು ಲೆಕ್ಕಕ್ಕಿಲ್ಲ ಪುಟ್ಟಿ, ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ, ನಾನೂ.

ಪೆರೆತ್ಸ್ ಮೇಜು ತಟ್ಟಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ, ಇಲ್ಲ, ನೀನಲ್ಲ, ನಾನು ಶುರುಮಾಡಿಬಿಟ್ಟೆ, ಪರದೆಯ ಹಿಂದಿನಿಂದ, ಗಟ್ಟಿಯಾಗಿ, ಒಡೆದ ದನಿಯಲ್ಲಿ, ಆ ಕಡೆಯವರ ಆಮೆನ್ ಬರಬೇಕಾದ ಜಾಗದಲ್ಲಿ ನಿಂತಿದ್ದೇನೆ, ಅವರು ಅನ್ನದೆ ನಾನು ಮುಂದೆ ಹೋಗುವಂತಿಲ್ಲ, ಒಬ್ಬಳೇ ಮುಗಿಸುವ ಪ್ರಾರ್ಥನೆಯಲ್ಲ ಇದು, ಸಿಟ್ಟು ಅದಕ್ಕೇ, ಇವರೇ ಬೇಕು ಅನ್ನುವುದಕ್ಕೇ — ಆಮೆನ್, ಹೆಲ್ಮೆಟ್ಟಿನವನು, ಏನೂ ತಿಳಿಯದವನು, ಆಮೇಲೆ ಗೊಣಗುತ್ತ ಇನ್ನೊಬ್ಬ, ಕಿವಿಗೆ ಬಿದ್ದ ಕದ್ದಿಶ್‌ಗೆ ಆಮೆನ್ ಅನ್ನದೆ ಇರುವ ಹಾಗಿಲ್ಲ, ಕೊನೆಗೆ ಪೆರೆತ್ಸ್, ಬೈದ ಹಾಗೆ, ಆಮೆನ್, ಎಲ್ಲ ದನಿ ಕೂಡಿ ನೆಲದಿಂದ ನನ್ನ ಮಂಡಿಗೆ ಏರುತ್ತಿದೆ, ಬೀಳಲು ಬಿಡದೆ ಹಿಡಿದಿದೆ, ಹಾಳಾಗಿಹೋಗಲಿ, ಎಷ್ಟು ಹಿತವಾಗಿದೆ — ಕೇಳಿಸಿತಾ ಅಪ್ಪಾ, ನಿನಗೆ ಆಮೆನ್ ತರಿಸಿದ್ದು ಯಾರು, ಈಗ ಎಣಿಸು ನೋಡೋಣ, ಎಂಟಲ್ಲ, ಒಂಬತ್ತಲ್ಲ, ಬರುತ್ತಿದೆ, ತಂಬಾಕಿನ ವಾಸನೆಯ ಬೆರಳು, ಮೂಗು ಮುಟ್ಟುತ್ತದೆ, ಹತ್ತಲ್ಲ ಅನ್ನದೆ ಮುಂದಕ್ಕೆ ಹೋಗುತ್ತದೆ.