ಥ್ರಾಟಲ್ಲಿಗೆ ಇಟ್ಟ ಕುಂಕುಮ

ಸಾರಕ್ಕಿ ಸಿಗ್ನಲ್ಲಿನಿಂದ ಮುತ್ತುರಾಜನ ಗ್ಯಾರೇಜ್ ಶೆಡ್ಡಿಗೆ ಅರ್ಧ ಕಿಲೋಮೀಟರೂ ಇಲ್ಲ. ಆ ಬೆಳಿಗ್ಗೆ ಬೋರಣ್ಣನ ಬಿಳಿ ಕಾರು ಅಷ್ಟು ದೂರ ಬರಲು ಕಾಲು ಗಂಟೆ ತೆಗೆದುಕೊಂಡಿತು. ಎಷ್ಟು ತುಳಿದರೂ ತೆವಳುವುದು, ನಿಂತುಬಿಡುವುದು, ಮತ್ತೆ ತೆವಳುವುದು. ಹಿಂದಿದ್ದ ಬಸ್ಸು, ಆಟೋಗಳು ಹಾರನ್ ಹೊಡೆದೂ ಹೊಡೆದೂ ಬೈದು ಮುಂದೆ ಹೋದವು. ಅದೂ ಯಾವತ್ತು? ಮಗ ಮೋಹಿತನ ನಿಶ್ಚಿತಾರ್ಥದ ಸೀರೆಗೆಂದು, ಬೀಗರಾಗಲಿರುವ ಉತ್ತರಹಳ್ಳಿಯ ವೆಂಕಟಾಚಲರನ್ನು ಕೂರಿಸಿಕೊಂಡು ಬೋರಣ್ಣ ಜಯನಗರಕ್ಕೆ ಹೊರಟ ದಿನ!

"ನೋಡ್ಲಾ ಮುತ್ತ, ಏನಾಗೈತೆ ಅಂತ," ಎಂದು ಬೋರಣ್ಣ ಇಳಿಯುತ್ತಲೇ ಗುಡುಗಿದ. "ಈ ಡ್ರೈವರ್ರು ಏನೋ ಮಾಡವ್ನೆ. ಇವನದೇ ತಪ್ಪು ಅಂತಾದ್ರೆ ಇವತ್ತೇ ಗಂಟುಮೂಟೆ ಕಟ್ಟಿಸ್ತೀನಿ."

ಡ್ರೈವರ್ ಚನ್ನವೀರ ಗದಗದ ಕಡೆಯವನು. ಬೋರಣ್ಣನ ಮನೆಯ ಟೆರೇಸಿನ ಒಂಟಿ ಕೋಣೆ ಈ ಕೆಲಸದ ಜೊತೆಗೇ ಸಿಕ್ಕಿದ್ದು. ಕೆಲಸ ಹೋದರೆ ಅದೂ ಹೋಯಿತು. ಆದರೂ ಅವನ ಮುಖದಲ್ಲಿ ಅಂಜಿಕೆ ಇರಲಿಲ್ಲ. ಮುತ್ತುರಾಜನ ಹತ್ತಿರ ಬಂದು ಮೆಲ್ಲಗೆ, "ನಾ ಯಾಕ ಬಾಯಿ ಬಿಡ್ಲಿ ಅಣ್ಣಾರ? ಬೀಗರ ಮುಂದ ಅವರ ಮಗನ ಮರ್ಯಾದಿ ಹೋಗೂದು ಬ್ಯಾಡ. ನಿಮ್ಮ ಮಶೀನ ಹೇಳ್ತೈತಿ, ನೀವು ಅವರಿಗೆ ಆಮ್ಯಾಲೆ ಹೇಳ್ರಿ," ಎಂದ.

ಮುತ್ತುರಾಜನಿಗೆ ಅರ್ಥವಾಯಿತು. ಮೊನ್ನೆ ಆಯುಧಪೂಜೆಗೆ ಬೋರಣ್ಣನ ಮನೆಯಲ್ಲಿ ಅವನೂ ಕಡಲೆಪುರಿ ಮುಕ್ಕುತ್ತಾ ನಿಂತಿದ್ದ. ಮೋಹಿತ ಬಾನೆಟ್ ಎತ್ತಿ ಇಂಜಿನ್ನಿಗೆ ಪ್ರೆಶರ್ ಪೈಪಿನಲ್ಲಿ ನೀರು ಹೊಡೆದಿದ್ದ. ತಾಯಿ ಮರಿಯಮ್ಮ ಅರಿಶಿನ ಕುಂಕುಮವನ್ನು ಕಲಸಿ ಸಿಕ್ಕಸಿಕ್ಕಲ್ಲಿ ಬಳಿದಿದ್ದಳು. "ಬ್ಯಾಡ್ರಿ, ಒಳಗ ವಾಯರ್ ಅದಾವ," ಎಂದ ಚನ್ನವೀರನಿಗೆ ಮೋಹಿತ, "ನೋಡ್ರಪ್ಪಾ, ಗದಗ್ ಇಂಜಿನಿಯರ್ ಬಂದ!" ಎಂದಿದ್ದ. ಎಲ್ಲರೂ ನಕ್ಕಿದ್ದರು. ಮುತ್ತುರಾಜ ಎಲ್ಲರಿಗಿಂತ ಜೋರಾಗಿ.

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಎರಡು ಕಂಸಗಳ ನಡುವೆ ಮಿಂಚಿನ ಗೆರೆ: ಅದು ಥ್ರಾಟಲ್ ದೀಪ. ಮುತ್ತುರಾಜ ಸ್ಟೇರಿಂಗಿನ ಕೆಳಗೆ, ಗಾಡಿಯ ದೋಷ ಓದುವ ಸ್ಕ್ಯಾನರ್ ಚುಚ್ಚಿದ. ಪರದೆಯ ಮೇಲೆ ಒಂದು ಇಂಗ್ಲಿಷ್ ಅಕ್ಷರ, ನಾಲ್ಕು ಅಂಕಿಗಳ ದೋಷಸಂಕೇತ ಮೂಡಿತು.

"ಥ್ರಾಟಲ್ ಅಂದ್ರೆ ಇಂಜಿನ್ನಿನ ಮೂಗು, ಸಾರ್," ಎಂದು ವೆಂಕಟಾಚಲರಿಗೆ ಬಿಡಿಸಿ ಹೇಳತೊಡಗಿದ. ಗಿರಾಕಿಗೆ ವಿವರಿಸುವುದೆಂದರೆ ಅವನಿಗೆ ಹಬ್ಬ. "ಅದೆಷ್ಟು ತೆರೆದಿದೆ ಅಂತ ಹೇಳೋಕೆ ಇಬ್ರು ಸಾಕ್ಷಿ, ಅಂದ್ರೆ ಎರಡು ಸೆನ್ಸರ್, ಇರ್ತಾರೆ. ಇಬ್ರೂ ಒಂದೇ ಮಾತು ಹೇಳ್ಬೇಕು. ಬೇರೆ ಬೇರೆ ಹೇಳಿದ್ರೆ ಕಂಪ್ಯೂಟರ್ ಇಬ್ರನ್ನೂ ನಂಬಲ್ಲ, ಗಾಡಿ ಓಡೋಕೆ ಬಿಡಲ್ಲ."

"ಸರಿ, ಸಾಕ್ಷಿ ಕೆಟ್ಟಿದ್ದು ಯಾಕೆ?" ಎಂದರು ವೆಂಕಟಾಚಲ. "ಬೋರಣ್ಣನವರೇ, ಮನೇಲಿ ಗಾಡಿ ನೋಡ್ಕೊಳ್ಳೋದು ಯಾರು?"

"ನಮ್ ಮೋಹಿತಾನೇ. ಗಾಡಿ ಅಂದ್ರೆ ಪ್ರಾಣ ಅವನ್ಗೆ. ಯಾರನ್ನೂ ಮುಟ್ಟಕ್ಕೆ ಬಿಡಲ್ಲ."

ಮುತ್ತುರಾಜ ಬಾನೆಟ್ಟಿನೊಳಗೆ ಬಗ್ಗಿ, ಥ್ರಾಟಲ್ಲಿಗೆ ವೈರು ಸೇರುವ ಕಪ್ಲರನ್ನು ಎಳೆದ. ಕೆಂಪು ನೀರಿನ ಹನಿಯೊಂದು ಅವನ ಹೆಬ್ಬೆರಳ ಮೇಲೆ ಬಿತ್ತು. ಪಿನ್ನುಗಳ ಸಂದಿಯಲ್ಲಿ ಕುಂಕುಮ ಮೆತ್ತಿಕೊಂಡಿತ್ತು. ತಲೆಯೆತ್ತಿದರೆ ಪಕ್ಕದಲ್ಲೇ ಬೋರಣ್ಣ ಬಗ್ಗಿದ್ದ. ಅವನೂ ನೋಡಿದ. ನಿಧಾನವಾಗಿ ನೆಟ್ಟಗಾಗಿ ಶೆಡ್ಡಿನ ತಗಡನ್ನು ಬೆರಳಿನಿಂದ ತಟ್ಟಿದ.

"ತಗಡು ತುಕ್ಕು ಹಿಡಿದೈತೆ ಕಣ್ಲಾ. ನಮ್ ಸೈಟಲ್ಲಿ ಎಷ್ಟು ವರ್ಷ ಆಯ್ತು ನೀನು?"

"ಹನ್ನೊಂದು, ಅಣ್ಣ."

"ಹೂಂ. ಏನಾಗೈತೆ ಹೇಳು ಬೀಗರಿಗೆ."

ಮುತ್ತುರಾಜ ಕಪ್ಲರನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಬಟ್ಟೆಯನ್ನು ಜೇಬಿಗೆ ತುರುಕಿಕೊಂಡ.

"ಡ್ರೈವಿಂಗ್ ಸರಿಯಿಲ್ಲ, ಸಾರ್. ಆಕ್ಸಿಲರೇಟರ್ ಮೇಲೆ ಹತ್ತಿ ನಿಂತ್ಕೊಂಡಂಗೆ ತುಳ್ದವ್ನೆ."

ಚನ್ನವೀರ ಸ್ಕ್ಯಾನರಿನ ಹತ್ತಿರ ಬಂದ. "ಮಶೀನ ಹಂಗ ಹೇಳೈತೇನ್ರಿ?"

"ಹಂಗೇ ಹೇಳೈತೆ. ಬೇಕಾದ್ರೆ ನೀನೇ ಓದ್ಕೋ." ಮುತ್ತುರಾಜ ಪರದೆ ತಿರುಗಿಸಿದ. ಆ ಅಕ್ಷರ, ಆ ಅಂಕಿಗಳನ್ನು ಚನ್ನವೀರ ಬಹಳ ಹೊತ್ತು ನೋಡಿದ.

ವೆಂಕಟಾಚಲ ತಲೆಯಾಡಿಸಿದರು. "ಇಂಥವನನ್ನ ಇಟ್ಕೋಬಾರ್ದು ಬಿಡಿ. ನಾಳೆ ನಮ್ ಹುಡುಗಿ ಕೂರೋ ಗಾಡಿ."

"ಕೀ ಕೊಡ್ಲಾ," ಬೋರಣ್ಣ ಕೈ ಚಾಚಿದ. "ಸಾಯಂಕಾಲದೊಳಗೆ ರೂಮ್ ಖಾಲಿಯಾಗ್ಬೇಕು."

ಮುತ್ತುರಾಜ ಕಪ್ಲರಿಗೆ ಗಾಳಿ ಹೊಡೆದು, ಸ್ಪ್ರೇ ಹಾಕಿ, ಸ್ಕ್ಯಾನರಿನ ಗುಂಡಿ ಒತ್ತಿದ್ದೇ ತಡ, ಎರಡೂ ದೀಪ ಆರಿದವು. ಬೋರಣ್ಣ ತಾನೇ ಓಡಿಸಿಕೊಂಡು ಹೋದ. ಕಾರು ಬಾಣದ ಹಾಗೆ ಹೋಯಿತು.

ಚನ್ನವೀರ ಹೆಗಲ ಚೀಲದಿಂದ ಬಟ್ಟೆ ಸುತ್ತಿದ ಗಂಟೊಂದನ್ನು ತೆಗೆದ. ಅವನ ಹೆಂಡತಿ ಯಲ್ಲವ್ವ ವಾರಕ್ಕೆರಡು ಸಲ ಮುತ್ತುರಾಜನಿಗೆಂದೇ ಜೋಳದ ರೊಟ್ಟಿ ಕಳಿಸುತ್ತಿದ್ದಳು.

"ಆಕಿ ಕೊಟ್ಟಾಳ್ರಿ." ಗಂಟನ್ನು ಮುತ್ತುರಾಜನ ಕೈಗಿಟ್ಟು, "ಅಣ್ಣಾರ, ಈಗ ಯಾರೂ ಇಲ್ಲ. ಖರೇ ಹೇಳ್ರಿ. ನೀರಿಂದ ಅಲ್ಲೇನ್ರಿ?"

ಜೇಬಿನ ಬಟ್ಟೆಯ ಒದ್ದೆ ತೊಡೆಗೆ ತಾಗುತ್ತಿತ್ತು. ಈಗ ಹೇಳಿದರೆ ಇವನು ಬೋರಣ್ಣನ ಮನೆಯ ಬಾಗಿಲಲ್ಲಿ ಹೋಗಿ ಕೂಗಾಡುತ್ತಾನೆ, ಮುತ್ತಣ್ಣ ಹೇಳಿದ ಎನ್ನುತ್ತಾನೆ.

"ಅಲ್ಲ ಮಗಾ," ಎಂದ ಮುತ್ತುರಾಜ, ಅವನ ಬೆನ್ನು ಸವರುತ್ತಾ. "ನಿನ್ ಕಾಲೇ ಭಾರ. ಮುಂದೆ ಎಲ್ಲಾದ್ರೂ ಸೇರ್ಕೊಂಡ್ರೆ ಮೆತ್ತಗೆ ತುಳಿ."

ಚನ್ನವೀರ ಬಗ್ಗಿ ತನ್ನ ಬಲಗಾಲನ್ನೇ ನೋಡಿಕೊಂಡ, ಅದು ಬೇರೆ ಯಾರದೋ ಕಾಲು ಎಂಬಂತೆ.

"ಚಲೋ ಆತ್ರಿ, ನೀವರ ಹೇಳಿದ್ರಿ. ಸುಮ್ನ ಆ ಹುಡುಗನ ಮ್ಯಾಲ ಸಂಶಯ ಪಟ್ಟಿದ್ದೆ. ಪಾಪ ಹತ್ತತಿತ್ತು." ಕೈ ಮುಗಿದು ಟೆರೇಸಿನ ಕೋಣೆಯ ದಾರಿ ಹಿಡಿದ.

ಮುತ್ತುರಾಜ ಹೆಬ್ಬೆರಳನ್ನು ಪ್ಯಾಂಟಿಗೆ ಉಜ್ಜಿಕೊಂಡು ಗಂಟು ಬಿಚ್ಚಿದ. ರೊಟ್ಟಿ ಇನ್ನೂ ಮೆತ್ತಗಿತ್ತು.