ಎರಡು ಸಾಲು ತೂತು

ಮೂರನೆಯ ಹಾಳೆಯೊಂದು ಇದ್ದಿರಬಹುದೇ? ಇದ್ದಿದ್ದರೆ ಅದರಲ್ಲಿ ಅಪ್ಪ ಏನು ಬರೆದಿದ್ದರು? ಅಥವಾ ಇದೆಲ್ಲ ತನ್ನ ತಲೆಯೊಳಗಿನ ಹುಳವೇ?

ವಕೀಲರು ಅಪ್ಪನ ಉಯಿಲನ್ನು ಕಿಟಕಿಯ ಬೆಳಕಿಗೆ ಹಿಡಿದೇ ಇದ್ದರು. ಅವರೆದುರು ಅಕ್ಕನೂ, ಹೀಗೆಲ್ಲ ಯೋಚಿಸುತ್ತ ತಮ್ಮನೂ ಕುಳಿತಿದ್ದರು. ಅಪ್ಪ ದರ್ಜಿ. ಕಾಗದಕ್ಕೆ ಪಿನ್ನು ಹೊಡೆಯುವುದೆಂದರೆ ಅವರಿಗಾಗದು. ಉಯಿಲಿನ ಎರಡು ಹಾಳೆಗಳನ್ನೂ ಹೊಲಿಗೆ ಯಂತ್ರಕ್ಕೇ ಕೊಟ್ಟು ನೀಲಿ ದಾರದಲ್ಲಿ ಹೊಲಿದಿದ್ದರು. ಈಗ ನೀಲಿ ದಾರದ ಪಕ್ಕದಲ್ಲೇ ಖಾಲಿ ತೂತುಗಳ ಇನ್ನೊಂದು ಸಾಲು ಕಾಣುತ್ತಿತ್ತು.

“ಇದನ್ನ ಯಾರೋ ಬಿಚ್ಚಿದ್ದಾರೆ. ಪ್ರೊಬೇಟ್ ಅಂದ್ರೆ ಇಷ್ಟೇ ನೋಡಿ: ಉಯಿಲು ನಿಮ್ಮಪ್ಪನದೇ, ಕೊನೇದೇ, ಪೂರ್ತಿ ಇದೆ ಅಂತ ಕೋರ್ಟು ಒಪ್ಪಿ ಮೊಹರು ಹಾಕೋದು. ಎರಡು ಸಾಲು ತೂತು ನೋಡಿದ್ರೆ, ನಡುವೆ ಒಂದು ಹಾಳೆ ಹಾರಿಹೋಯ್ತಾ ಅಂತ ಕೇಳೇ ಕೇಳ್ತಾರೆ,” ಎಂದರು ವಕೀಲರು.

“ಯಾರೋ ಯಾಕೆ ಸಾರ್, ನಾನೇ ಬಿಚ್ಚಿದ್ದು,” ಎಂದಳು ಅಕ್ಕ. “ಅಪ್ಪನ ಕಣ್ಣು ಮಂಜಾಗಿತ್ತು. ಹೊಲಿಗೆ ಹಾವು ಹರಿದ ಹಾಗೆ ಹೋಗಿತ್ತು. ಅದನ್ನ ಹಂಗೇ ಕೋರ್ಟಿಗೆ ಕೊಟ್ಟು, ಜಡ್ಜು ‘ಇವರೂ ಒಬ್ಬ ದರ್ಜಿನಾ’ ಅಂದ್ರೆ? ಅದಕ್ಕೇ ನೆಟ್ಟಗೆ ಹೊಲಿದು ತಂದಿದೀನಿ.”

ವಕೀಲರು ಹಣೆ ಹಿಡಿದುಕೊಂಡರು. “ಅಮ್ಮಾ, ಇದು ಉಯಿಲು. ಪ್ಯಾಂಟಲ್ಲ.”

“ಪ್ಯಾಂಟಾಗಿದ್ರೆ ಡಬಲ್ ಹೊಲಿಗೆ ಹಾಕ್ತಿದ್ದೆ ಸಾರ್.”

ವಕೀಲರು ತಮ್ಮನ ಕಡೆ ತಿರುಗಿದರು. “ಉಯಿಲು ನಡೆಸಿಕೊಡೋ ಹೊಣೆ ನಿಮ್ಮದು. ಪೂರ್ತಿ ಇದೆ ಅಂತ ಪ್ರಮಾಣ ಮಾಡಬೇಕಾದವರೂ ನೀವೇ. ಅನುಮಾನ ಇದ್ರೆ ಈಗಲೇ ಹೇಳಿ. ಉಯಿಲು ನಿಲ್ಲಲಿಲ್ಲ ಅಂದ್ರೆ ಅಂಗಡಿ ಇಬ್ಬರಿಗೂ ಸಮಪಾಲು.”

ಉಯಿಲಿನಲ್ಲಿ ಮನೆ ಇಬ್ಬರಿಗೂ, ಅಂಗಡಿ ಅಕ್ಕನಿಗೆ. ಅಪ್ಪನ ಕೈ ಸೋತ ಮೇಲೆ ಅಂಗಡಿಯನ್ನು ನಡೆಸಿದವಳು ಅವಳೇ. ಅದು ಅವನಿಗೆ ಗೊತ್ತು. ಆದರೆ ಬಟ್ಟೆ ಕತ್ತರಿಸುವ ಆ ಮೇಜಿನ ಕೆಳಗೆ, ಸೀಮೆಸುಣ್ಣದ ಪುಡಿಯಲ್ಲಿ ಕುಳಿತು ಕತ್ತರಿಯ ಸದ್ದು ಕೇಳುತ್ತ ಬೆಳೆದವನು ಅವನೂ ಹೌದು. “ನೀನು ಓದು” ಎಂದು ಅಪ್ಪ ಅಲ್ಲಿಂದ ಎಬ್ಬಿಸಿ ಕಳಿಸಿದಾಗ ತೆಪ್ಪಗೆ ಎದ್ದು ಹೋಗಿದ್ದ.

“ಸಾಕ್ಷೀನ ಒಂದು ಮಾತು ಕೇಳಿ ಬರ್ತೀನಿ,” ಎಂದ.

ಸಾಕ್ಷಿ ಹಾಕಿದವರಲ್ಲಿ ಒಬ್ಬರು ಅಂಗಡಿಯೆದುರಿನ ಕ್ಷೌರಿಕ. ಬೀದಿಯ ಮಕ್ಕಳಿಗೆಲ್ಲ ನೊರೆ ಮಾಮ. ಅಕ್ಕ ತಮ್ಮ ಹೋದಾಗ ಗಿರಾಕಿಯೊಬ್ಬರ ಅರ್ಧ ಗಡ್ಡ ಹೋಗಿ ಇನ್ನರ್ಧ ನೊರೆಯಲ್ಲಿತ್ತು.

“ಉಯಿಲು ಎಷ್ಟು ಹಾಳೆ ಇತ್ತು ಮಾಮ?” ಎಂದು ತಮ್ಮ ಕೇಳಿದ.

“ಎರಡು ಕಣಯ್ಯ. ನನ್ನೆದುರಿಗೇ ಸಹಿ ಹಾಕಿ, ನನ್ನೆದುರಿಗೇ ಹೊಲಿದ್ರು. ಎರಡೇ ಹಾಳೆ, ಸೂಜಿಗೆ ಏನೂ ಸಿಗ್ತಿಲ್ಲ ಅಂತ ಬೈಕೊಂಡ್ರು. ಆ ಹೊಲಿಗೇನೋ... ನನ್ನ ಗಿರಾಕಿ ತಲೇಲಿ ಹಂಗೆ ಬೈತಲೆ ತೆಗೆದಿದ್ರೆ ಹೊಡೀತಿದ್ದ!”

ಕುರ್ಚಿಯಲ್ಲಿದ್ದವರು ನಕ್ಕರು. “ಅಲುಗಾಡಬೇಡಿ ಸ್ವಾಮಿ, ಕಿವಿ ಹೋಗುತ್ತೆ,” ಎಂದು ಗದರಿಸಿ ಮಾಮ ಮುಂದುವರಿಸಿದರು. “ಅಂಗಡಿ ಮಗಳಿಗೆ ಬರೆದಿದೀರಲ್ಲ, ಮಗ ಏನಾದ್ರೂ ಅಂದ್ರೆ ಅಂತ ಕೇಳ್ದೆ. ‘ಅವನಿಗೆ ಅಂಗಡಿ ಆಸೆ ಇಲ್ಲಯ್ಯ. ಇದ್ದಿದ್ರೆ ಒಂದಿನಾನಾದ್ರೂ ಬಾಯಿ ಬಿಡ್ತಿರಲಿಲ್ವಾ’ ಅಂದ್ರು.”

ಕನ್ನಡಿಯಲ್ಲಿ ಅಕ್ಕ ಅವನನ್ನು ನೋಡಿದಳು. “ಏನೋ, ಬಾಯಿಗೂ ಹೊಲಿಗೆ ಹಾಕ್ಕೊಂಡಿದೀಯಾ?”

“ಇಲ್ಲ, ನಡಿ. ಸಹಿ ಹಾಕಿ ಬರೋಣ,” ಎಂದ. ಅಂದೇ ಮೂವರೂ ಪ್ರಮಾಣಪತ್ರ ಬರೆದುಕೊಟ್ಟರು: ಬಿಚ್ಚಿದ್ದು ಯಾಕೆಂದು ಅಕ್ಕ, ಹಾಳೆ ಎರಡೇ ಎಂದು ಮಾಮ, ಉಯಿಲು ಪೂರ್ತಿ ಇದೆಯೆಂದು ಅವನು.

ಕೆಲವು ತಿಂಗಳ ನಂತರ ಮೊಹರು ಬಿದ್ದ ಪ್ರೊಬೇಟ್ ಬಂತು. ಅಂಗಡಿಯ ಮೇಜಿನ ಮೇಲಿಟ್ಟು ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮುಖ ಸಿಂಡರಿಸಿದಳು.

“ಕೋರ್ಟಿನೋರ ಹೊಲಿಗೆ ನೋಡೋ! ಅಪ್ಪಂದಕ್ಕಿಂತ ಸೊಟ್ಟ. ಆ ಚಿಕ್ಕ ಕತ್ತರಿ ಕೊಡಿಲ್ಲಿ.”

“ಅಕ್ಕಾ, ಮುಟ್ಟಬೇಡ!” ಎಂದು ಅವನು ಕಾಗದವನ್ನು ಕಿತ್ತುಕೊಂಡು ಎದೆಗವಚಿಕೊಂಡ. ಅಕ್ಕ ಬಿದ್ದು ಬಿದ್ದು ನಕ್ಕಳು. ಅವನಿಗೂ ನಗು ತಡೆಯಲಾಗಲಿಲ್ಲ.

ಮೂರನೆಯ ಹಾಳೆಯೊಂದು ಇರಲಿ, ಅದರಲ್ಲಿ ತನ್ನ ಹೆಸರಿರಲಿ ಎಂದು ಆ ದಿನ ಆಸೆಪಟ್ಟಿದ್ದನ್ನು ಅವನು ಅಕ್ಕನಿಗೆ ಯಾವತ್ತೂ ಹೇಳಲಿಲ್ಲ.